ಐದು ರಾಣಿಯರ ಬಚ್ಚಲು

ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುವವಳಿಗೆ ಸುಳ್ಳು ಹೇಳುವ ವ್ಯವಧಾನ ಇರುವುದಿಲ್ಲ. ಒಂದು ಒತ್ತಕ್ಷರ ಹುಡುಕುವುದರೊಳಗೆ ಚಹಾ ಆರಿ ಹೋಗುತ್ತದೆ. ಆದ್ದರಿಂದ ನಮ್ಮ ಮನೆತನದ ವೈಭವವನ್ನು ನಮ್ಮ ಮಾವ ಎರಡು ತಾಸು ಹೇಳುತ್ತಿದ್ದರೆ, ನಾನು ಬೇಗ ಮುಗಿಸುತ್ತೇನೆ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನ್ನನ್ನು ಅಲಖನೂರಿನಿಂದ ಕಬ್ಬೂರಿನ ಹತ್ತಿರದ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ವಾಡೆದ ಮಂದಿ, ಭಾಳ ದೊಡ್ಡ ಮನೆತನ ಎಂದು ಮಧ್ಯಸ್ಥಗಾರ ಹೇಳಿದ್ದ. ವಾಡೆ ಎಂದರೆ ಸರದಾರರು, ದೇಸಾಯರು ಇರುವ ಕೋಟೆಯಂಥ ಕಲ್ಲಿನ ಮನೆ. ನಮ್ಮಪ್ಪ ಬೆಲ್ಲದ ಗಾಣ ನಡೆಸಿಕೊಂಡಿದ್ದ ಸಾದಾ ಮನುಷ್ಯ, ಕೇಳಿಯೇ ಹಿಗ್ಗಿಹೋದ. ಅಕ್ಷತೆ ಬಿದ್ದ ಮೇಲೆ ಬಂದು ನೋಡಿದರೆ ನಾವು ಇರಬೇಕಾದ ಮನೆ ಊರವರೆಲ್ಲರ ಮನೆಯಂತೆ ಮಣ್ಣಿನ ಮಾಳಿಗೆಯದು. ವಾಡೆ ಅದರ ಹಿತ್ತಲಲ್ಲಿತ್ತು. ಅದರಲ್ಲಿ ಎರಡು ಎಮ್ಮೆಗಳು ವಾಸವಾಗಿದ್ದವು.

ಉದ್ದನೆಯ ಕಲ್ಲಿನ ಗೋಡೆಗಳು, ಮೇಲೆ ಅರ್ಧಕ್ಕೆ ತಗಡು, ಇನ್ನರ್ಧಕ್ಕೆ ಆಕಾಶ. ಒಂದು ಕೊನೆಗೆ ಅರ್ಧ ಬಿದ್ದ ಇಟ್ಟಿಗೆಯ ಗೋಪುರ. ಅದು ಬುರುಜು. ನಡುವೆ ಸೊಂಟದೆತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಸಾಲಾಗಿ ಐದು ದುಂಡನೆಯ ಗುಂಡಿಗಳು. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು, ಆಮೇಲೆ ಒಂದಕ್ಕಿಂತ ಒಂದು ಸಣ್ಣ. ಕಟ್ಟೆಯ ಹೊಟ್ಟೆಯೊಳಗೆ ಬಗ್ಗಿ ಹೋಗುವಷ್ಟು ಒಂದು ಕತ್ತಲ ದಾರಿ ಬುರುಜಿನತ್ತ ಸಾಗಿ ಮಣ್ಣಿನಲ್ಲಿ ಮುಚ್ಚಿಕೊಂಡಿತ್ತು. ಅದು ಸುರಂಗ.

ಮಾವನ ಪ್ರಕಾರ ನಮ್ಮ ಮೂಲಪುರುಷ ಒಬ್ಬ ಸರದಾರ. ಅವನಿಗೆ ಐದು ಜನ ರಾಣಿಯರು. ಐದು ಗುಂಡಿಗಳು ಅವರು ಸ್ನಾನ ಮಾಡುತ್ತಿದ್ದ ಬಚ್ಚಲುಗಳು. ಹಿರಿಯ ರಾಣಿಗೆ ದೊಡ್ಡದು, ಕಿರಿಯಳಿಗೆ ಸಣ್ಣದು. ಆ ಸಣ್ಣದರಲ್ಲಿ ಎಂಟು ದಿನದ ಕರು ಕೂಡ ಕಾಲು ಮಡಚಿ ಮಲಗಬೇಕಿತ್ತು. ಕಿರಿಯ ರಾಣಿ ಪಾಪ, ಒಂದೊಂದೇ ಕಾಲು ತೊಳೆದುಕೊಂಡು ಎದ್ದು ಹೋಗುತ್ತಿದ್ದಳೇನೋ. ಸುರಂಗ ಎಷ್ಟೋ ಹರದಾರಿ ದೂರದ ಪನ್ಹಾಳಗಡದ ಕೋಟೆಗೆ ಹೋಗುತ್ತದೆ ಎಂಬುದು ಬೇರೆ ಹೇಳಬೇಕಾಗಿಲ್ಲ. ನಮ್ಮ ಕಡೆ ಹಾಳು ಗೋಡೆ ಎಲ್ಲೇ ಇರಲಿ, ಅದರ ಕೆಳಗಿನಿಂದ ಒಂದು ಸುರಂಗ ಪನ್ಹಾಳಕ್ಕೆ ಹೋಗಿಯೇ ಹೋಗುತ್ತದೆ. ಇಷ್ಟೊಂದು ತೋಡಿದ ಮೇಲೂ ನೆಲ ಕುಸಿಯದೆ ನಿಂತಿರುವುದು ದೇವರ ದಯೆ.

ಇದಕ್ಕೆಲ್ಲ ಸಾಕ್ಷಿಯಾಗಿ ದೇವರ ಜಗುಲಿಯ ಮೇಲೆ ಕೆಂಪು ಅರಿವೆಯಲ್ಲಿ ಕಟ್ಟಿದ ಒಂದು ಕಾಗದದ ಗಂಟಿತ್ತು. ಹಿಂದೆ ಮರಾಠಿ ಕಾಗದಪತ್ರಗಳನ್ನು ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ ಬರೆದದ್ದು. ಮನೆಯಲ್ಲಷ್ಟೇ ಅಲ್ಲ, ಸುತ್ತ ಹತ್ತು ಹಳ್ಳಿಯಲ್ಲಿ ಅದನ್ನು ಓದುವವರಿರಲಿಲ್ಲ. ಓದಲು ಬಾರದ್ದನ್ನು ಪೂಜೆ ಮಾಡುವುದು ಸುಲಭ. ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಗಂಟು ಬಿಚ್ಚಿ, ಅರಿಷಿಣ ಕುಂಕುಮ ಹಚ್ಚಿ, ಆರತಿ ಬೆಳಗಿ ಮತ್ತೆ ಕಟ್ಟಿಡುತ್ತಿದ್ದೆವು. ಕಾಗದದ ಕೊನೆಗೆ ಒಂದು ಚಿತ್ರವಿತ್ತು: ಉದ್ದನೆಯ ಕೋಲು, ತುದಿಯಲ್ಲಿ ಸ್ವಲ್ಪ ಬಾಗು. ಅದು ಖಡ್ಗದ ಮುದ್ರೆ, ಕಾಗದ ಜಮೀನು ಇನಾಮು ಕೊಟ್ಟ ಸನದು ಎಂದು ಮಾವ ಬಂದವರಿಗೆಲ್ಲ ತೋರಿಸುತ್ತಿದ್ದರು.

ವೈಭವ ಗಂಡಸರದು, ಅದನ್ನು ಕಾಯುವ ಕೆಲಸ ಹೆಂಗಸರದು. ವಾಡೆಯ ಹೆಂಗಸರು ಓಣಿಯ ಕಡೆಯ ಹೊಸ್ತಿಲು ದಾಟಬಾರದು, ಹೊಲಕ್ಕೆ ಹೋಗಬಾರದು, ಹೊರಗಿನ ಗಂಡಸರೊಡನೆ ಮಾತಾಡಬಾರದು. ನಮ್ಮ ಅತ್ತೆ ಹದಿಮೂರನೆಯ ವಯಸ್ಸಿಗೆ ಆ ಮನೆಗೆ ಬಂದವಳು. ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ನಮ್ಮ ಹೊಲವನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. ಹೊರಗಿನವರು ಹಿತ್ತಲ ಬಾಗಿಲಿಗೆ ಬಂದು ಉತ್ತರ ಕೊಡಲೇಬೇಕಾದರೆ ಅದಕ್ಕೂ ಒಂದು ಪದ್ಧತಿಯಿತ್ತು. ಬೇರೆ ಮನೆಗಳಲ್ಲಿ ಗೋಡೆಗೋ ಕೂಸಿಗೋ ಹೇಳಿದಂತೆ ಹೇಳುತ್ತಾರೆ. ನಮ್ಮಲ್ಲಿ ಎಮ್ಮೆಗೆ ಹೇಳುತ್ತಿದ್ದರು. ಮನೆಯಲ್ಲಿ ಗಂಡಸರಿಲ್ಲ, ಸಂಜೆ ಬಾ ಎಂದು ಅತ್ತೆ ಎಮ್ಮೆಗೆ ಹೇಳುವಳು, ಉಪ್ಪು ಮಾರುವವನು ಕೇಳಿಸಿಕೊಂಡು ಹೋಗುವನು. ಎಮ್ಮೆ ಸಂಜೆಯೂ ಅಲ್ಲೇ ಇರುತ್ತಿತ್ತು.

ನಾನು ರಾಯಬಾಗದಲ್ಲಿ ಹತ್ತನೆಯ ಇಯತ್ತೆ ಪಾಸಾದವಳು. ಓದಿದ ಸೊಸೆ ಎಂದು ಹೇಳಿಕೊಳ್ಳಲು ಮಾವನಿಗೆ ಅದು ಬೇಕಿತ್ತು, ಬಳಸಲು ಅಲ್ಲ. ಮದುವೆಯಾಗಿ ಐದನೆಯ ವರ್ಷ ನಮ್ಮ ಊರಿಗೆ ಅಂಗನವಾಡಿ ಬಂತು. ಮೇಲ್ವಿಚಾರಕಿ ಬಾಯಿಯವರು ಊರಿನಲ್ಲಿ ಹತ್ತು ಕಲಿತ ಹೆಂಗಸು ಯಾರಿದ್ದಾರೆ ಎಂದು ಕೇಳುತ್ತ ಬಂದರು. ಇದ್ದವಳು ನಾನೊಬ್ಬಳೇ. ಅರ್ಜಿಯ ಕಾಗದ ಕೊಟ್ಟು, ಮನೆಯ ಹಿರಿಯರ ಸಹಿ ಮಾಡಿಸಿ ತಿಂಗಳು ಮುಗಿಯುವುದರೊಳಗೆ ಚಿಕ್ಕೋಡಿಯ ಕಚೇರಿಗೆ ಮುಟ್ಟಿಸಬೇಕು ಎಂದರು. ನನಗೆ ಆ ಕೆಲಸ ಬೇಕಾಗಿತ್ತು. ಈ ಒಂದು ಮಾತನ್ನು ನಗದೆ ಬರೆಯುತ್ತಿದ್ದೇನೆ. ಓದಿದ್ದೆಲ್ಲ ತಲೆಯೊಳಗೆ ಕೂತು ಹುಳ ಹಿಡಿಯುತ್ತಿರುವಂತೆ ಅನಿಸುತ್ತಿತ್ತು.

ಮಾವನನ್ನು ಕೇಳುವ ಜವಾಬ್ದಾರಿ ಗಂಡನಿಗೆ ಕೊಟ್ಟೆ. ಅವರು ಧೈರ್ಯವಂತರು. ಮೂರು ಸಲ ಹೋಗಿ ಮೂರು ಸಲವೂ ಮಳೆಯ ವಿಚಾರ ಕೇಳಿಕೊಂಡು ಬಂದರು. ನಾಲ್ಕನೆಯ ಸಲ ಬಾಯಿಬಿಟ್ಟರು. ಒಳಗೆ ನಿಂತಿದ್ದ ನನಗೂ ಕೇಳಲಿ ಎಂದು ಮಾವ ದನಿಯೇರಿಸಿ ಹೇಳಿದರು.

“ವಾಡೆದ ಸೊಸಿ ಮಂದಿ ಮಕ್ಕಳ ಸಿಂಬಳಾ ಒರಸಾಕ ಹೋಗಬೇಕೇನು? ಧಾರವಾಡದಿಂದ ಸಂಶೋಧನಾ ಮಾಡೂ ಸರ್ ಬರಾಕತ್ತಾರ. ವಾಡೆದ ಮುಂದ ಸರಕಾರದ ಬೋರ್ಡ ಬೀಳಲಿ. ಆಮ್ಯಾಲೆ ಈ ಮನಿ ಹೆಣಮಕ್ಕಳ ಹೊರಗ ದುಡಿಯೂ ಮಾತ ಯಾರ ಎತ್ತತಾರ, ನೋಡೇಬಿಡತೇನಿ.”

ಹೀಗೆ ನನ್ನ ಅರ್ಜಿ ಮತ್ತು ಐದು ರಾಣಿಯರ ಬಚ್ಚಲು ಒಂದೇ ಗೂಟಕ್ಕೆ ಕಟ್ಟಿಕೊಂಡವು. ಅದು ವಾಡೆಯೆಂದು ಠರಾವಾದರೆ ನನ್ನ ಕಥೆ ಮುಗಿಯಿತು.

ಸರ್ ಬಂದರು. ನಿಪ್ಪಾಣಿ, ಅಥಣಿ, ಕಾಗವಾಡದ ಕಡೆಯ ಹಳೆಯ ವಾಡೆಗಳನ್ನೆಲ್ಲ ನೋಡುತ್ತ ತಿರುಗುತ್ತಿದ್ದ ಮನುಷ್ಯ, ಮಾವ ತಾವಾಗಿಯೇ ಪತ್ರ ಬರೆದು ಕರೆಸಿದ್ದರು. ಅಳತೆಯ ಟೇಪು, ಬ್ರಶ್ಶು, ಸಣ್ಣ ಗುದ್ದಲಿ. ಕಟ್ಟೆಯ ಮಗ್ಗುಲಿಗೆ ಒಂದು ಚೌಕ ತೆಗ್ಗು ತೋಡಿ, ಮಣ್ಣನ್ನು ಪದರ ಪದರವಾಗಿ ಕೆರೆದು, ಜರಡಿ ಹಿಡಿದು ನೋಡುತ್ತಿದ್ದರು. ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಬಂಗಾರದ ನಾಣ್ಯಕ್ಕಾಗಿ ಕಾದರು. ಬಂದದ್ದು ಬೂದಿ. ಮತ್ತೆ ಬೂದಿ. ಆಮೇಲೆ ಆಲಿಕೆಯ ಆಕಾರದ ದಪ್ಪ ಮಡಕೆಯ ಚೂರುಗಳು. ಒಂದೆರಡು ಜೋಡಿಸಿ ನೋಡಿದರೆ ತಳದಲ್ಲಿ ತೂತು. ರಾಣಿಯರ ಅತ್ತರದ ಪಾತ್ರೆ ಎಂದು ಮಾವ ತಕ್ಷಣ ಗುರುತಿಸಿದರು. ತಳ ತೂತಾದ ಪಾತ್ರೆಯಲ್ಲಿ ಅತ್ತರು ಇಡುವಷ್ಟು ಶ್ರೀಮಂತಿಕೆ ನಮ್ಮದು.

ಬೂದಿಯ ಜೊತೆಗೆ ಕಪ್ಪು ಹಸಿರು ಗಾಜಿನಂಥ ಗಟ್ಟಿಗಳೂ ಬಹಳ ಸಿಕ್ಕವು. ಸರ್ ಎರಡು ದಿನ ಅವನ್ನು ಬಿಸಿಲಿಗೆ ಹಿಡಿದು ನೋಡಿದರು. ಮೂರನೆಯ ದಿನ, ಇಲ್ಲಿ ಬಳೆ ಮಾಡುವ ಭಟ್ಟಿ ಇದ್ದಿರಬಹುದು ಎಂದರು. ಮಾವನಿಗೆ ಸಂತೋಷವೋ ಸಂತೋಷ. ರಾಣಿಯರು ಊರ ಬಳೆಗಾರನ ಬಳೆ ಇಟ್ಟುಕೊಂಡಾರೆಯೇ, ಮನೆಯಲ್ಲೇ ಮಾಡಿಸಿಕೊಂಡಿದ್ದಾರೆ. ಈ ಸುದ್ದಿಯನ್ನು ಊರಿಗೆ ಮುಟ್ಟಿಸಲು ಅವರು ಎದ್ದು ಹೋದರು.

ನಾನು ಎಮ್ಮೆಗೆ ರವದಿ, ಅಂದರೆ ಕಬ್ಬಿನ ಸೋಗೆ, ಹಾಕಲು ಹೋಗಿದ್ದೆ. ಆ ಗಾಜಿನ ಗಟ್ಟಿಯನ್ನು ನಾನು ಮದುವೆಯಾದ ವಾರವೇ ಕಟ್ಟೆಯ ಕಲ್ಲಿನ ಮೇಲೆ ನೋಡಿದ್ದೆ. ನಮ್ಮಪ್ಪನ ಗಾಣದಲ್ಲಿ ಕಬ್ಬಿನ ಹಾಲು ಕುದಿಸುವ ಒಲೆಗೆ ದಿನಗಟ್ಟಲೆ ಕಬ್ಬಿನ ಸಿಪ್ಪೆಯನ್ನೇ ಉರಿಸುತ್ತಾರೆ. ಆ ಉರಿಗೆ ಬೂದಿಯೇ ಕರಗಿ ಒಲೆಯ ಕಲ್ಲಿಗೆ ಗಾಜಾಗಿ ಹತ್ತಿಕೊಳ್ಳುತ್ತದೆ. ಹುಡುಗಿಯರಾಗಿದ್ದಾಗ ಅದನ್ನು ಒಡೆದು ಕುಂಟಾಟಕ್ಕೆ ಬಿಲ್ಲೆ ಮಾಡಿಕೊಳ್ಳುತ್ತಿದ್ದೆವು. ಆದರೆ ಗಾಣದ ಒಲೆಗೆ ಒಂದೇ ಕೊಪ್ಪರಿಗೆ ಇರುತ್ತದೆ. ಸಾಲಾಗಿ ಐದು ಯಾಕೆ ಎಂಬುದು ನನಗೆ ತಿಳಿದಿರಲಿಲ್ಲ. ಕಬ್ಬು ಬೆಳೆದು ಬೆಲ್ಲ ತಿನ್ನುವ ಊರಿಗೂ ಅದೇ ಕಾರಣಕ್ಕೆ ಗುರುತು ಸಿಕ್ಕಿರಲಿಲ್ಲ. ಮೇಲಾಗಿ ರಾಣಿಯರ ವಂಶದವರು ಒಲೆಯ ಬಾಯಿಗೆ ಕೈ ಹಾಕಿ ನೋಡುವುದಿಲ್ಲ.

ಸರ್ ಜೊತೆ ಮಾತಾಡುವ ಹಾಗಿಲ್ಲ. ಆದರೆ ಪದ್ಧತಿ ಇದ್ದೇ ಇತ್ತಲ್ಲ.

“ಏ ಎಮ್ಮಿ,” ಎಂದೆ ಗಟ್ಟಿಯಾಗಿ, “ನಮ್ಮಪ್ಪನ ಗಾಣದ ಒಲ್ಯಾಗೂ ಹಿಂತಾವ ಸಿಗತಾವ ನೋಡ. ಕಬ್ಬಿನ ಸಿಪ್ಪಿ ಉರದ ಬೂದಿ ಕರಗಿ ಹಿಂಗ ಆಗತೈತಿ. ಬಳಿ ಅಂತ ಬಳಿ.”

ಸರ್ ತಲೆಯೆತ್ತಿದರು. ನನ್ನನ್ನು ನೋಡಿದರು, ಎಮ್ಮೆಯನ್ನು ನೋಡಿದರು. ಶಾಣ್ಯಾ ಮನುಷ್ಯ. ಎದ್ದು ಬಂದು ಎಮ್ಮೆಯ ಎದುರಿಗೆ ನಿಂತು ಬಹಳ ಮರ್ಯಾದೆಯಿಂದ ಕೇಳಿದರು.

“ಎಮ್ಮೆವ್ವಾ, ನಿಮ್ಮಪ್ಪನ ಗಾಣದಾಗ ಕೊಪ್ಪರಿಗಿ ಎಷ್ಟಿರತಾವ?”

“ಒಂದ. ಇಲ್ಲಿ ಐದ ಯಾಕ ಅನ್ನೂದ ನನಗೂ ತಿಳಿವಲ್ದು ಎಮ್ಮಿ.”

ಅವರು ಗುಂಡಿಗಳ ಕಡೆ ತಿರುಗಿ ಟೇಪು ಹಿಡಿದು ಒಂದೊಂದನ್ನೇ ಮತ್ತೆ ಅಳೆದರು. ಆಮೇಲೆ ಎಮ್ಮೆಗೆ ಪಾಠ ಮಾಡಿದರು. ಕಂಪನಿ ಸರಕಾರದ ಕಾಲದ ಸಾಹೇಬರು ಕಬ್ಬಿನ ದೊಡ್ಡ ತೋಟ ಮಾಡಿದಲ್ಲಿ ಸಕ್ಕರೆ ಮನೆ ಕಟ್ಟುತ್ತಿದ್ದರಂತೆ. ಒಂದೇ ಉರಿಯ ಮೇಲೆ ಸಾಲಾಗಿ ಐದು ಕೊಪ್ಪರಿಗೆ. ಕಬ್ಬಿನ ಹಾಲು ಕುದ್ದು ಕಡಿಮೆಯಾದ ಹಾಗೆ ದೊಡ್ಡದರಿಂದ ಸಣ್ಣದಕ್ಕೆ ತೋಡಿ ಸುರಿಯುವುದು. ಕಟ್ಟೆಯೊಳಗಿನ ಸುರಂಗ ಉರಿ ಹಾಯುವ ದಾರಿ, ಬುರುಜು ಹೊಗೆ ಹೋಗುವ ಚಿಮಣಿ. ತಳ ತೂತಾದ ಮಡಕೆಯಲ್ಲಿ ಪಾಕ ತುಂಬಿಟ್ಟರೆ ಕಾಕಂಬಿ ಕೆಳಗೆ ಸೋರಿ ಸಕ್ಕರೆ ಮೇಲೆ ಉಳಿಯುತ್ತದೆ. ಎಮ್ಮೆ ಎಲ್ಲವನ್ನೂ ಕೇಳಿಸಿಕೊಂಡು ತನ್ನ ರೀತಿಯಲ್ಲಿ ಅಭಿಪ್ರಾಯ ಕೊಟ್ಟಿತು. ಸರ್ ಬೂಟು ಹಿಂದೆ ಸರಿಸಿಕೊಂಡರು.

ಆ ಸಂಜೆ ಅತ್ತೆ ರೊಟ್ಟಿ ಬಡಿಯುತ್ತ ಕುಳಿತಿದ್ದಳು. ನನ್ನ ಕಡೆ ನೋಡದೆ, “ಎಮ್ಮಿ ಇವತ್ತ ಭಾಳ ಮಾತಾಡ್ತಂತ,” ಎಂದಳು.

“ಕೇಳಿದ್ರ ಮಾತಾಡತೈತಿ ಅತ್ತಿ.”

“ಕೇಳವ್ರ ಬೇಕಲ್ಲ,” ಎಂದು ರೊಟ್ಟಿ ತಿರುವಿದಳು. ಅಷ್ಟೇ.

ಸರ್ ಮಾವನಿಗೆ ಕೂಡಲೇ ಏನೂ ಹೇಳಲಿಲ್ಲ. ಮಣ್ಣು ಹೇಳಿದ್ದನ್ನು ಕಾಗದವೂ ಹೇಳಬೇಕು ಎನ್ನುವ ಜಾತಿ ಅವರದು. ಬೆಳಗಾವಿಗೆ ಹೋಗಿ ಹಳೆಯ ಜಮೀನಿನ ದಫ್ತರ ತಿರುವಿ ಬಂದರು. ನಮ್ಮ ಹಳ್ಳದ ದಂಡೆಯಲ್ಲಿ ಒಬ್ಬ ಸಾಹೇಬ ಕಬ್ಬಿನ ತೋಟ ಮಾಡಿ ಸಕ್ಕರೆ ಮನೆ ಕಟ್ಟಿದ್ದು ನಿಜ ಎಂದು ಅಲ್ಲಿ ಸಿಕ್ಕಿತು. ಆದರೆ ಯಾವ ಊರು ಎಂದು ಬರೆದಿರಲಿಲ್ಲ, ಹಳ್ಳದ ದಂಡೆಗೆ ಎಷ್ಟೋ ಊರುಗಳಿದ್ದವು. ಉಳಿದದ್ದು ನಮ್ಮ ಕೆಂಪು ಗಂಟು. ಅದನ್ನು ಓದಿಸೋಣವೇ ಎಂದು ಕೇಳಿದಾಗ ಮಾವ ಕುಣಿದಾಡಿದರು. ಇನಾಮಿನ ಸನದು ಪಂಚರ ಮುಂದೆಯೇ ಓದಿಸಬೇಕು ಎಂದರು. ಊರ ಹಿರಿಯರಿಗೆಲ್ಲ ಹೇಳಿಕಳಿಸಿ ಚಹಾ ಚುರಮುರಿಯ ವ್ಯವಸ್ಥೆ ಮಾಡಿಸಿದರು. ತಮ್ಮ ಪಂಚನಾಮೆಗೆ ತಾವೇ ಊಟ ಹಾಕಿಸುವವರು ಲೋಕದಲ್ಲಿ ಕಡಿಮೆ.

ಮೋಡಿ ಓದಲು ನಿಪ್ಪಾಣಿಯಿಂದ ಒಬ್ಬ ಅಜ್ಜ ಬಂದರು. ಪ್ರಾಯದಲ್ಲಿ ದಫ್ತರದ ಕಾರಕೂನರಾಗಿದ್ದವರು, ಕಣ್ಣಿಗೆ ಬಾಟಲಿಯ ತಳದಂಥ ಚಾಳೀಸು. ಅಂಗಳದ ತುಂಬ ರುಮಾಲಿನ ಮಂದಿ. ನಾನೂ ಅತ್ತೆಯೂ ಬಾಗಿಲ ಸಂದಿಯಲ್ಲಿ. ಗಂಟು ಬಿಚ್ಚಿದರೆ ಅರ್ಧ ಕಾಗದವನ್ನು ಗೆದ್ದಲು ಓದಿ ಮುಗಿಸಿತ್ತು. ಉಳಿದ ಹಾಳೆಯ ಮೇಲೆ ವರ್ಷಗಟ್ಟಲೆಯ ಅರಿಷಿಣ ಮೆತ್ತಿಕೊಂಡಿತ್ತು.

“ಇಷ್ಟ ಅರಿಷಿಣ ಹಚ್ಚೀರಲ್ಲ, ಕಾಗದದ್ದ ಲಗ್ನಾ ಮಾಡವ್ರಿದ್ರೇನ್ರಿ?” ಎನ್ನುತ್ತ ಅಜ್ಜ ಮೆಲ್ಲಗೆ ಬ್ರಶ್ಶಿನಿಂದ ಒರೆಸಿ ಮೊದಲ ಸಾಲಿನ ಹೆಸರು ಓದಿದರು. ಅದು ನಮ್ಮ ಮನೆತನದ ಹಿರಿಯನದೇ ಹೆಸರು. ಮಾವ ಮೀಸೆಯ ಮೇಲೆ ಕೈಯಾಡಿಸಿದರು. ಅಜ್ಜ ಉಳಿದದ್ದನ್ನು ಮನಸ್ಸಿನಲ್ಲೇ ಓದಿ, ಚಾಳೀಸು ತೆಗೆದು, ಒಂದು ತಂಬಿಗೆ ನೀರು ಕುಡಿದರು.

“ಮಂದಿ ಮುಂದ ಓದ್ಲ್ಯಾ?”

“ಮಂದಿ ಮುಂದನ ಓದ್ರಿ. ಕೇಳ್ಲಿ ಎಲ್ಲಾರೂ,” ಎಂದರು ಮಾವ.

ಅಜ್ಜ ಒಂದು ಸಾಲು ಮರಾಠಿಯಲ್ಲಿ ಓದಿ ಅದನ್ನೇ ಕನ್ನಡದಲ್ಲಿ ಹೇಳುತ್ತ ಹೋದರು. ಹಳ್ಳದ ತಿರುವಿನಲ್ಲಿ, ಹನುಮಪ್ಪನ ಗುಡಿಯ ಬೆನ್ನಿಗೆ ಇರುವ ಸಾಹೇಬರ ಕಬ್ಬಿನ ತೋಟದ ಸಕ್ಕರೆ ಮನೆಯಲ್ಲಿ, ಐದು ಕೊಪ್ಪರಿಗೆಯ ಒಲೆಗೆ ಉರಿ ಹಾಕುವ ಚಾಕರಿ ನನ್ನದು. ಒಲೆಯ ಮುಂದೆ ನನಗೆ ನಿದ್ದೆ ಹತ್ತಿತು. ಉರಿ ಹೆಚ್ಚಾಗಿ ಕೊನೆಯ ಕೊಪ್ಪರಿಗೆಯ ಪಾಕ ಸುಟ್ಟು ಹೋಯಿತು. ತಪ್ಪು ನನ್ನದು. ಇನ್ನು ಮೇಲೆ ಒಲೆಯ ಮುಂದೆ ಮಲಗುವುದಿಲ್ಲ. ನನ್ನ ಹೊಟ್ಟೆಯ ಮೇಲೆ ಹೊಡೆಯಬಾರದು. ಮಗ್ಗುಲಿಗೆ ಬೇರೆ ಕೈಯಲ್ಲಿ ಬರೆದಿತ್ತು: ಈ ಸಲ ಮಾಫಿ.

ಹನುಮಪ್ಪನ ಗುಡಿ ಅಂಗಳದಿಂದಲೇ ಕಾಣುತ್ತಿತ್ತು. ಯಾರಿಗೂ ಅನುಮಾನ ಉಳಿಯಲಿಲ್ಲ. ಮಾವನಿಗೆ ಇನ್ನೂ ಒಂದು ಆಸೆ ಇತ್ತು. “ಖಡ್ಗಾ ಐತೆಲ್ರಿ ಕೆಳಗ,” ಎಂದರು.

“ಖಡ್ಗಾ ಅಲ್ರಿ. ಓದಾಕ ಬರದವ್ರು ತಮ್ಮ ಕೆಲಸದ ಸಾಮಾನದ ಚಿತ್ರಾ ತಗದ ಸಹಿ ಮಾಡತಿದ್ರು. ಒಕ್ಕಲಿಗ ಆದ್ರ ನೇಗಿಲಾ. ಇದು ಒಲಿ ಕೆದರೂ ಕೋಲು.”

ಚುರಮುರಿ ಅಗಿಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿರಿಯರಲ್ಲಿ ಒಬ್ಬರು ನಿಧಾನಕ್ಕೆ, “ಮತ್ತ ರಾಣ್ಯಾರು ಜಳಕಾ ಎಲ್ಲಿ ಮಾಡತಿದ್ರೋ ಮಾರಾಯಾ,” ಎಂದರು. ಅಂಗಳವೆಲ್ಲ ನಕ್ಕಿತು. ಸರ್ ಒಬ್ಬರೇ ಗಂಭೀರವಾಗಿ, ಸರದಾರರ ವಾಡೆ ಊರಿಗೊಂದು ಇದ್ದಾವು, ಇಂಥ ಸಕ್ಕರೆ ಮನೆಯನ್ನು ಈ ಭಾಗದಲ್ಲಿ ನಾನು ಇನ್ನೊಂದು ನೋಡಿಲ್ಲ, ಇದೇ ದೊಡ್ಡ ಆಸ್ತಿ ಎಂದು ಸಮಾಧಾನ ಹೇಳಿದರು. ಸತ್ತ ಮನೆಯಲ್ಲಿ ಹೋಳಿಗೆ ಬಡಿಸಿದಂತಾಯಿತು.

ಮಾವ ಮೂರು ದಿನ ಕಂಬಳಿ ಮುಸುಕು ಹಾಕಿ ಮಲಗಿದರು. ತೊಂಬತ್ತರ ದಶಕದಲ್ಲಿ ಸುತ್ತಲೂ ಸಕ್ಕರೆ ಕಾರಖಾನೆಗಳ ಹವಾ ಬಂದಾಗ, ಸಕ್ಕರಿ ಉದ್ಯೋಗದಾಗ ನಮ್ಮದ ಮೊದಲನೇ ಮನೆತನ ಎಂದು ಅವರೇ ಹೊಸ ಬೀಗರಿಗೆ ಹೇಳತೊಡಗಿದರು, ನಿದ್ದೆಯ ಭಾಗ ಬಿಟ್ಟು. ಅದು ಆಮೇಲಿನ ಮಾತು. ಆಗ ಮಾತ್ರ ನಾನು ದಿನಕ್ಕೆ ನಾಲ್ಕು ಸಲ ಟ್ರಂಕು ತೆಗೆದು ಅರ್ಜಿಯನ್ನು ನೋಡಿ ಮತ್ತೆ ಮುಚ್ಚುತ್ತಿದ್ದೆ. ಮಾನ ಹೋದ ಗಂಡಸು ಬಾಗಿಲನ್ನು ಇನ್ನಷ್ಟು ಗಟ್ಟಿಯಾಗಿ ಹಾಕಿಕೊಳ್ಳುತ್ತಾನೆ ಎಂಬುದು ನನಗೆ ಗೊತ್ತಿತ್ತು. ಮೂರನೆಯ ದಿನಕ್ಕೆ ಬಂದಾಗ ಅರ್ಜಿ ಕೊಡಲು ಉಳಿದದ್ದು ಮರುದಿನ ಒಂದೇ. ಗಂಡ ಧೈರ್ಯ ಮಾಡಿ ಹೊಲಕ್ಕೆ ಹೋಗಿದ್ದರು.

ಮಧ್ಯಾಹ್ನ ಅತ್ತೆ ನನ್ನ ಟ್ರಂಕು ತೆಗೆದು ಅರ್ಜಿಯನ್ನು ಕೈಗೆತ್ತಿಕೊಂಡು ಮಾವನ ಹಾಸಿಗೆಯ ಪಕ್ಕ ಹೋಗಿ ಕುಳಿತಳು. ಕೇಳದೆ ಟ್ರಂಕು ತೆಗೆದಳಲ್ಲ ಎಂದು ಸಿಟ್ಟು ಬಂದದ್ದು, ಏನು ಮಾಡುತ್ತಿದ್ದಾಳೆಂದು ತಿಳಿದ ಮೇಲೆ ಇಳಿಯಿತು.

“ಸಹಿ ಮಾಡ್ರಿ,” ಎಂದಳು.

ಕಂಬಳಿಯೊಳಗಿಂದ, “ಮಂದಿ ಏನಂತಾರ?” ಎಂದು ಬಂತು.

“ಅನ್ನೂದೆಲ್ಲಾ ಅಂಗಳದಾಗ ಕುಂತ ಅಂದಹೋದ್ರು. ನಾ ಹದಿಮೂರ ವರ್ಷದಾಕಿ ಇದ್ದಾಗಿಂದ ಈ ಮನಿ ಹೊಸ್ತಲಾ ದಾಟಿಲ್ಲ. ವಾಡೆ ಕಾಯಾಕತ್ತೇನಿ ಅಂದಕೊಂಡಿದ್ದೆ. ಆರಿದ ಒಲಿ ಕಾದಂಗಾತು. ನಂದ ಹೋತು, ಹೋಗ್ಲಿ.” ಅರ್ಜಿಯನ್ನು ಕಂಬಳಿಯ ಮೇಲೆ ಇಟ್ಟಳು. “ನಿಮ್ಮ ಹಿರ‍್ಯಾ ಮಲಗಿ ಪಾಕಾ ಸುಟ್ಟಾ. ಇಕಿ ಎಚ್ಚರ ಅದಾಳ. ಕಳಸ್ರಿ.”

ಕಂಬಳಿ ಒಂದು ಸಲ ಮಗ್ಗುಲು ಬದಲಿಸಿತು. ಆಮೇಲೆ ಒಂದು ಕೈ ಹೊರಗೆ ಬಂತು. ನಾನು ಪೆನ್ನು ಕೊಟ್ಟೆ. ಮುಖ ತೋರಿಸದೆಯೇ ಸಹಿ ಮಾಡಿದರು. ಸೊಟ್ಟಗೆ ಬಂದಿತ್ತು, ಆದರೆ ನಡೆಯುವಂತಿತ್ತು.

ಮರುದಿನ ಮುಂಜಾನೆ ನಾನು ಬಸ್ಸಿಗೆ ಹೊರಟಾಗ ಅತ್ತೆ ಇಳಕಲ್ ಸೀರೆ ಉಟ್ಟು ಹೊಸ್ತಿಲ ಹತ್ತಿರ ನಿಂತಿದ್ದಳು. ಚಪ್ಪಲಿ ಇರಲಿಲ್ಲ, ಎಂದೂ ಬೇಕಾಗಿರಲಿಲ್ಲ. ನನ್ನ ಹಳೆಯ ಜೋಡು ಕೊಟ್ಟೆ. ದಾರಿಯುದ್ದಕ್ಕೂ ಅವು ಚಟ್ ಚಟ್ ಎಂದಾಗಲೆಲ್ಲ ಹಿಂದೆ ಯಾರೋ ಬರುತ್ತಿದ್ದಾರೆಂದು ತಿರುಗಿ ನೋಡುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟುಕೊಡಲಿಲ್ಲ.

ಚಿಕ್ಕೋಡಿಯ ಕಚೇರಿಯಲ್ಲಿ ಕಾರಕೂನ ಅರ್ಜಿಯನ್ನು ಹಿಂದೆ ಮುಂದೆ ತಿರುವಿ, ಸಹಿಯ ಅವಸ್ಥೆ ನೋಡಿ ಹುಬ್ಬು ಗಂಟು ಹಾಕಿದ. “ಮನಿಯವರ ಒಪ್ಪಿಗಿ ಖರೇನ ಐತೇನ್ರಿ? ಗಂಡಸರ ಯಾರೂ ಬಂದಿಲ್ಲಾ?”

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಸೆರಗನ್ನು ಹಣೆಯಿಂದ ಒಂದು ಬೆರಳು ಹಿಂದಕ್ಕೆ ಸರಿಸಿ, ಅವನ ಮುಖವನ್ನೇ ನೋಡಿ ಹೇಳಿದಳು.

“ನಾ ಬಂದೇನಲ್ಲ. ಒಪ್ಪಿಗಿ ನಂದ ಐತಿ. ಬರಕೋರಿ.”

“ನಿಮ್ಮ ಹೆಸರ್ರೀ?”

ಆಕೆ ಹೇಳಿದಳು. ಐದು ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದರೂ ಅತ್ತೆಯ ಹೆಸರನ್ನು ಅತ್ತೆಯ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಕಾರಕೂನ ಅದನ್ನು ಬರೆದುಕೊಳ್ಳುವಾಗ ಆಕೆ ಮೇಜಿನ ಮೇಲೆ ಬಗ್ಗಿ, ಅಕ್ಷರ ಬಾರದಿದ್ದರೂ, ಸರಿಯಾಗಿ ಬರೆಯುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತ ನಿಂತಳು.